ಖುರ್ಚಿ ರೆಕಾರ್ಡು

ಅವರ ಬಲಗೈ ಹೆಬ್ಬೆರಳು ಅಡ್ಡಕ್ಕೆ ತಿರುಗಿತ್ತು. ಎಂದೋ ಒಂದು ಎತ್ತಿಗೆ ಬಿದಿರಿನ ಗೊಟ್ಟದಿಂದ ಔಷಧ ಕುಡಿಸುವಾಗ ಅದು ತಲೆ ಕೊಡವಿತಂತೆ. ಬೆರಳು ಕೊಂಬಿಗೂ ಗೋದಲಿಯ ಕಟ್ಟಿಗೆಗೂ ನಡುವೆ ಸಿಕ್ಕಿತು. ಮೂಳೆ ಕೂಡಿಕೊಂಡಿತು, ನೆಟ್ಟಗಾಗಲಿಲ್ಲ. ಹಾಗಾಗಿ ಗ್ರಾಮಾಫೋನ್ ರೆಕಾರ್ಡನ್ನು ಎಲ್ಲರಂತೆ ಬೆರಳ ತುದಿಯಲ್ಲಿ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ಅದರ ಅಂಚನ್ನು ಒತ್ತಿ, ಒಲೆಯಿಂದ ಬಿಸಿ ಪಾತ್ರೆ ಇಳಿಸುವವರ ಹಾಗೆ ಮೈಯಿಂದ ದೂರ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ಧೂಳು ನೋಡುತ್ತಿದ್ದರು. ಧೂಳು ಕಂಡರೆ ಉಫ್ ಎಂದು ಊದುತ್ತಿರಲಿಲ್ಲ. ಉಗುಳು ಹಾರುತ್ತದೆ ಎಂದು ಹಳೆಯ ಮಲ್ಲಿನ ಪಂಚೆಯ ತುಂಡಿನಿಂದ ಒರೆಸುತ್ತಿದ್ದರು. ಅಷ್ಟು ಹೊತ್ತು ನಾವೆಲ್ಲ ಉಸಿರು ಬಿಗಿಹಿಡಿದು ಕೂರಬೇಕಿತ್ತು.

ಮುಧೋಳದ ಮಂದಿಗೆ ಅವರು ದನದ ಡಾಕ್ಟರು. ನಮ್ಮ ಓಣಿಯವರಿಗೆ ಡಾಕ್ಟರ ಕಾಕಾ. ಅವರ ಅಜ್ಜ ಸಂಸ್ಥಾನದಲ್ಲಿ ಕಾರಕೂನರು, ತಂದೆ ಪೂಜಾರಿಕೆಯ ಜೊತೆಗೆ ಸಾಲಿ ಮಾಸ್ತರರು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಇವರು ಮುಂಬೈಗೆ ಹೋಗಿ ಪಶುವೈದ್ಯ ಓದಿ ಬಂದರು. ಬರುವಾಗ ಪದವಿಯ ಜೊತೆಗೆ ಫುಟ್‌ಪಾತಿನಲ್ಲಿ ಕೊಂಡ ಜಾಝ್ ರೆಕಾರ್ಡುಗಳ ಒಂದು ಟ್ರಂಕನ್ನೂ ತಂದರು. ಬಾಗಲಕೋಟೆ ಹೊಸ ಜಿಲ್ಲೆಯಾದ ಒಂದೆರಡು ವರ್ಷಕ್ಕೆ ನಿವೃತ್ತರಾದರು. ಮಕ್ಕಳಿರಲಿಲ್ಲ.

ತೀರಿಹೋದವರ ಬಗ್ಗೆ ಬರೆಯುವವರು ಮೊದಲು ಅವರನ್ನು ತೊಳೆದು, ಗಂಧ ಹಚ್ಚಿ, ಮಾಲೆ ಹಾಕಿ ಕೂರಿಸುತ್ತಾರೆ. ಆ ಕೆಲಸ ನನಗೆ ಒಗ್ಗುವುದಿಲ್ಲ. ಕಾಕಾ ಮುಂಗೋಪಿ. ಸಿನಿಮಾ ಹಾಡೆಂದರೆ ಮೂಗು ಮುರಿಯುತ್ತಿದ್ದರು. ಅದಕ್ಕೆ ಅವರು ಕೊಡುತ್ತಿದ್ದ ಕಾರಣಗಳು ಕಾರಣಗಳೇ ಅಲ್ಲ, ಬರೀ ಸೊಕ್ಕು. ಅದನ್ನು ಅವರ ಮುಖಕ್ಕೇ ಹೇಳಿದ್ದೆ. "ಇರಲಿ, ಒಂದರ ಸೊಕ್ಕ ಬೇಕಲ್ಲ ಮನುಷ್ಯಾಗ," ಎಂದಿದ್ದರು.

ನಾನು ಅವರ ಮನೆಯ ಮೆಟ್ಟಿಲು ಹತ್ತಿದ್ದೇ ಜಗಳಕ್ಕೆ. ಪಿಯುಸಿ ಎರಡನೇ ವರ್ಷ. ಊರಿನ ಚರ್ಚಾಸ್ಪರ್ಧೆಯಲ್ಲಿ ವಿಷಯ 'ಅಣೆಕಟ್ಟು ಬೇಕೇ, ಬೇಡವೇ'. ನಾನು ಬೇಕು ಎಂಬ ಕಡೆ. ಎದುರಾಳಿ ಬೀಳಗಿ ಕಡೆಯ ಹುಡುಗ. ಅವನ ಊರು ನೀರಿನಲ್ಲಿ ಹೋಗಿತ್ತು. ಅವನು ತೊದಲಿದ, ನಡುವೆ ಮಾತು ಮರೆತ. ನಾನು ಒಂದು ಅಕ್ಷರವೂ ತಪ್ಪಲಿಲ್ಲ. ತೀರ್ಪುಗಾರರಲ್ಲಿ ಕಾಕಾ ಒಬ್ಬರು. ನನಗೆ ಎರಡನೇ ಬಹುಮಾನ ಬಂತು. ಮರುದಿನ ರವಿವಾರ. ಮಧ್ಯಾಹ್ನ ಊಟ ಮುಗಿಸಿದವಳೇ ನೆಟ್ಟಗೆ ಅವರ ಮನೆಗೆ ನಡೆದೆ.

ಒಳಗೆ ಏನೋ ವಾದ್ಯಗಳ ಗದ್ದಲ. ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಅವರು ಕಣ್ಣು ಬಿಡದೆಯೇ ಅಂಗೈ ಎತ್ತಿ ತಡೆದರು. ರೆಕಾರ್ಡಿನ ಆ ಮಗ್ಗುಲು ಮುಗಿಯುವವರೆಗೂ ನಿಲ್ಲಿಸಿದರು.

"ಹಾಂ. ವಕೀಲಬಾಯಿ. ಬಾ, ಕೂಡು."

"ಕೂಡಾಕ ಬಂದಿಲ್ರಿ ಕಾಕಾ. ನನ್ನ ವಾದದಾಗ ತಪ್ಪ ಎಲ್ಲಿತ್ತು ಹೇಳ್ರಿ."

"ತಪ್ಪ ಇರಲಿಲ್ಲ."

"ಮತ್ತ?"

"ಆ ಹುಡುಗ ಮಾತಾಡೂ ಮುಂದ ನೀ ಏನ ಮಾಡ್ಲಿಕತ್ತಿದ್ದಿ?"

"ನನ್ನ ಮುಂದಿನ ಪಾಯಿಂಟ್ ಬರಕೊಳ್ಳಾಕತ್ತಿದ್ದೆ."

"ಅದಕ್ಕ ಎರಡನೇ ನಂಬರ್."

ಸಿಟ್ಟಿಗೆ ಅವರ ಪೆಟ್ಟಿಗೆಯ ಕಡೆ ಕೈ ತೋರಿಸಿ, "ಈ ಗದ್ದಲ ಕೇಳೂ ಮಂದಿ ನನಗ ಕೇಳೂದು ಕಲಸ್ತೀರೇನು?" ಎಂದೆ.

"ಎಲ್ಲಿ?" ಎಂದರು.

"ಎಲ್ಲಿ ಅಂದ್ರ?"

"ಗದ್ದಲ ಎಲ್ಲಿ ಶುರು ಆತು? ದನ ಬಾಯಿಬಿಟ್ಟು ಹೇಳೂದಿಲ್ಲ ವಕೀಲಬಾಯಿ. ಮಾಲಕ ಬಂದು 'ಎಲ್ಲಾ ಕಡೆ ಬ್ಯಾನಿ' ಅಂದ್ರ ನಾ ಎಲ್ಲಿ ಸೂಜಿ ಹಾಕ್ಲಿ? ಕೈ ಇಟ್ಟು ತೋರಸಬೇಕು. ಕೂಡು, ಮತ್ತ ಹಚ್ಚತೀನಿ."

ಕೂತೆ. ಆಮೇಲೆ ಏಳು ವರ್ಷ, ಪರೀಕ್ಷೆ ಇರಲಿ, ಹಬ್ಬ ಇರಲಿ, ರವಿವಾರ ಮಧ್ಯಾಹ್ನ ಆ ಕೋಣೆಯಲ್ಲಿ ಕೂತೆ.

ಅಲ್ಲಿ ನನಗಿಂತ ಮೊದಲೇ ಇಬ್ಬರು ಬರುತ್ತಿದ್ದರು. ಒಬ್ಬರು ಬನಹಟ್ಟಿಯಲ್ಲಿ ಸೀರೆ ನೇಯಿಸುವ ಪವರ್‌ಲೂಮ್ ಮಾಲಕರು. ದೊಡ್ಡ ಹೊಟ್ಟೆ, ದೊಡ್ಡ ನಗು. ಮಗ್ಗಗಳ ಸದ್ದಿನಲ್ಲಿ ಅವರಿಗೆ ಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ; ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ ಸೆಲ್ಲು ಹಾಕಿದ ಟೇಪಿನಲ್ಲಿ ಜಾಝ್ ಕೇಳುತ್ತಿದ್ದರು. ಊರೆಲ್ಲ ಕರೆಂಟಿನವರನ್ನು ಬೈಯುವಾಗ ಇವರೊಬ್ಬರು ಒಳಗೊಳಗೆ ಖುಷಿಪಡುತ್ತಿದ್ದರು. ಇನ್ನೊಬ್ಬರು ಬೀಳಗಿ ಕಡೆಯ ನರ್ಸ್, ನಮಗೆಲ್ಲ ಸಿಸ್ಟರ್. ಹಿನ್ನೀರಿನಲ್ಲಿ ಮುಳುಗುವ ಹಳ್ಳಿಗಳನ್ನು ಖಾಲಿ ಮಾಡಿಸಿದಾಗ ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡುಗಳ ಒಂದು ತುದಿಯಲ್ಲಿ ಕಾಕಾ ದನಗಳಿಗೆ ಲಸಿಕೆ ಹಾಕುತ್ತಿದ್ದರು, ಇನ್ನೊಂದು ತುದಿಯಲ್ಲಿ ಸಿಸ್ಟರ್ ಮಕ್ಕಳಿಗೆ. ಆ ಮುಳುಗಿದ ಹಳ್ಳಿಗಳಲ್ಲಿ ಒಂದು ಸಿಸ್ಟರರದೇ.

ರೆಕಾರ್ಡು ಮನೆಯ ಹೊಸಿಲು ದಾಟುವಂತಿರಲಿಲ್ಲ. ಯಾರಿಗೆ ಯಾವುದು ಬೇಕು ಎಂದು ಕಾಕಾ ತಾವೇ ಗೊತ್ತು ಮಾಡಿ, ಕ್ಯಾಸೆಟ್ಟಿಗೆ ಇಳಿಸಿ ಕೊಡುತ್ತಿದ್ದರು. ಇಂಗ್ಲಿಷ್ ಹೆಸರು ಮಾಲಕರ ನಾಲಿಗೆಗೆ ಹತ್ತುತ್ತಿರಲಿಲ್ಲ, ಆದ್ದರಿಂದ ಹೊದಿಕೆಯ ಮೇಲಿನ ಚಿತ್ರವೇ ಹೆಸರು: 'ಛತ್ರಿ', ಮೆಟ್ಟಿಲುಗಳಿದ್ದ 'ಪಾವಟಿಗಿ', 'ಖುರ್ಚಿ'. ಕೊಡುವವರಿಗೆ ಒಂದು ಕಟ್ಟುಪಾಡಿತ್ತು. ಕೊಟ್ಟ ಮೇಲೆ ಬಾಯಿ ಮುಚ್ಚಬೇಕು. ಇದು ಎಂಥದ್ದು, ಯಾಕೆ ಕೇಳಬೇಕು, ಒಂದು ಮಾತೂ ಆಡಬಾರದು. ತೆಗೆದುಕೊಂಡವರು ವಾರವಿಡೀ ಕೇಳಿ ಬಂದು ಮೊದಲು ಮಾತಾಡಬೇಕು. ಅವರಿಗೂ ಒಂದು ನಿಷೇಧವಿತ್ತು: 'ಛಲೋ ಐತಿ' ಎನ್ನುವಂತಿಲ್ಲ. ಅಂದರೆ ಕಾಕಾ 'ಎಲ್ಲಿ?' ಎನ್ನುತ್ತಿದ್ದರು. ಜಾಗ ತೋರಿಸಲಾಗದಿದ್ದರೆ ಕ್ಯಾಸೆಟ್ಟು ಇನ್ನೊಂದು ವಾರಕ್ಕೆ ವಾಪಸ್ಸು, ಅವತ್ತಿನ ಚಹಾ ಇಲ್ಲ.

ನನಗೆ ಮೊದಲು ಕೊಟ್ಟದ್ದು 'ಛತ್ರಿ'. ಅದರಲ್ಲಿ ಒಂದು ಟ್ರಂಪೆಟ್ಟು, ಒಂದು ಸ್ಯಾಕ್ಸೊಫೋನು, ಎರಡಕ್ಕೂ ಉದ್ದಕ್ಕೂ ತಕರಾರು. ವಾರದ ನಂತರ ಬಂದು, "ಟ್ರಂಪೆಟ್ಟು ಗೆದ್ದೇತಿ," ಎಂದೆ. ಕ್ಯಾಸೆಟ್ಟು ವಾಪಸ್ಸು. ಮುಂದಿನ ವಾರ, "ಹಂಗಾರ ಸ್ಯಾಕ್ಸೊಫೋನು," ಎಂದೆ. ಮತ್ತೆ ವಾಪಸ್ಸು. ಮಾಲಕರು ನನ್ನ ಎದುರಿಗೇ ಚಹಾ ಸೊರ್ ಎಂದು ಹೀರುತ್ತ, "ಪಾಪ, ನಮ್ಮ ವಕೀಲಬಾಯಿಗೆ ಜಾಮೀನ ಸಿಗವಲ್ದು," ಎಂದು ಚುಚ್ಚಿದರು. ಮೂರನೆಯ ವಾರ ಗೊತ್ತಾಯಿತು: ಒಬ್ಬ ನಿಲ್ಲಿಸಿದ ಕೊನೆಯ ನಾಲ್ಕು ಸ್ವರಗಳನ್ನು ಇನ್ನೊಬ್ಬ ಎತ್ತಿಕೊಂಡು ಅಲ್ಲಿಂದಲೇ ತನ್ನ ಮಾತು ಶುರು ಮಾಡುತ್ತಾನೆ. ಎದುರಿನವನದನ್ನು ಪೂರ್ತಿ ಕೇಳಿಸಿಕೊಳ್ಳದೆ ಇದು ಆಗದು. ಆ ಜಾಗವನ್ನು ಗುನುಗಿ ತೋರಿಸಿದೆ. ಕಾಕಾ ಒಳಗೆ ತಿರುಗಿ ಹೆಂಡತಿಗೆ, "ಅಗ, ಇಕಿಗೂ ಚಹಾ," ಎಂದರು.

ಒಮ್ಮೆ ಜಮಖಂಡಿಯ ಕಾಲೇಜಿನಿಂದ ಬರುವಾಗ ಒಂದು ಪಟ್ಟಿಯನ್ನು ಇಳಿಸಿಕೊಂಡು ಬಂದೆ. ಯಾವುದೋ ಪತ್ರಿಕೆಯಲ್ಲಿ ಬಂದ 'ಕೇಳಲೇಬೇಕಾದ ಜಾಝ್ ರೆಕಾರ್ಡುಗಳು'. ಕಾಕಾ ಅದನ್ನು ಕೈಯಲ್ಲೂ ಹಿಡಿಯಲಿಲ್ಲ.

"ಯಾರು ಕೇಳಲೇಬೇಕು?"

"ಎಲ್ಲಾರೂ."

"ಎಲ್ಲಾ ದನಕ್ಕೂ ಒಂದ ಔಷಧ ಇದ್ದಿದ್ರ ಸರಕಾರ ನನಗ್ಯಾಕ ಪಗಾರ ಕೊಡ್ತಿತ್ತು? ಕಂಪೌಂಡರ ಸಾಕಾಗ್ತಿದ್ದ."

ನಾನು ಬಿಡಲಿಲ್ಲ. ಒಳ್ಳೆಯದು ಎಲ್ಲರಿಗೂ ಒಳ್ಳೆಯದೇ, ಇಲ್ಲದಿದ್ದರೆ ಅದು ಬರೀ ರುಚಿಯ ಮಾತು ಎಂದು ಒಂದು ತಾಸು ವಾದಿಸಿದೆ. ಅದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಕಾಕು, ಅವರ ಹೆಂಡತಿ, ಈ ಸಂಗೀತಕ್ಕೆ 'ನಿಮ್ಮ ಕಬ್ಬಿಣದ ಅಂಗಡಿ' ಎನ್ನುತ್ತಿದ್ದರು. ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ಅವರ ಎರಡೂ ಮೂತ್ರಪಿಂಡ ಕೆಟ್ಟು ಪುಣೆಗೆ ಓಡಾಟ ಶುರುವಾದಾಗ, ಆಸ್ಪತ್ರೆಯ ಹತ್ತಿರದ ಹಳೇ ಸಾಮಾನಿನ ಅಂಗಡಿಯಲ್ಲಿ ಕಾಕಾ ಕೊಂಡುತಂದದ್ದು 'ಖುರ್ಚಿ'. ಹೊದಿಕೆಯ ಮೇಲೆ ಒಂದು ಖಾಲಿ ಖುರ್ಚಿ, ಅಷ್ಟೇ. ಅದರ ಎರಡನೆಯ ಮಗ್ಗುಲಿನಲ್ಲಿ ಒಂದು ಸ್ಯಾಕ್ಸೊಫೋನು ಒಬ್ಬಂಟಿಯಾಗಿ ಶುರುವಾಗುತ್ತದೆ. ದಪ್ಪ, ಭಾರದ ದನಿ, ಹೆಜ್ಜೆ ಎಳೆದುಕೊಂಡು ಬರುವವರ ಹಾಗೆ. ಇದೊಂದಕ್ಕೆ ಕಾಕು ಹಾಸಿಗೆಯಿಂದ ಕಿವಿಕೊಟ್ಟರು. "ಇವನೂ ಯಾರನ್ನೋ ಕಳಕೊಂಡಾನ್ರಿ," ಎಂದರಂತೆ. ಕೊನೆಯ ತಿಂಗಳುಗಳಲ್ಲಿ ಸಂಜೆಯಾದರೆ ತಾವೇ ಕೇಳುತ್ತಿದ್ದರು: "ಆ ಖುರ್ಚಿ ಹಚ್ಚರಿ."

ಕಾಕು ಹೋದ ಮೇಲೂ ಕಾಕಾ ದಿನಾ ಸಂಜೆ ಅದನ್ನು ಹಚ್ಚುತ್ತಿದ್ದರು. ನಮ್ಮ ಮೂವರಿಗೂ ಅದರ ಕ್ಯಾಸೆಟ್ಟು ಮಾಡಿ ಕೊಟ್ಟರು. ಕೊಡುವಾಗ, ಅದೊಂದೇ ಸಲ, ತಮ್ಮ ಕಟ್ಟುಪಾಡು ತಾವೇ ಮುರಿದು ಒಂದು ಮಾತು ಹೇಳಿದರು. "ಮಂದಿ ಬಂದು ಸಮಾಧಾನ ಹೇಳಿ ಎದ್ದು ಹೋದ್ರು. ಇಂವಾ ಒಬ್ಬ ನನ್ನ ಜೋಡಿ ಕೂತು ಅತ್ತಾನ." ನಾವು ಯಾರೂ 'ಎಲ್ಲಿ' ಎಂದು ಕೇಳಲಿಲ್ಲ.

ಡಿಗ್ರಿ ಕೊನೆಯ ವರ್ಷ ಒಂದು ಚರ್ಚಾಸ್ಪರ್ಧೆಗೆ ಬೆಳಗಾವಿಗೆ ಹೋಗಿದ್ದೆ. ಅಲ್ಲಿ ಒಂದು ಅಂಗಡಿಯಲ್ಲಿ ಸಿ.ಡಿ.ಗಳ ಸಾಲಿನ ನಡುವೆ ಆ ಖಾಲಿ ಖುರ್ಚಿ ಕಂಡಿತು. ಕೇಳಿ ನೋಡಲು ಹೆಡ್‌ಫೋನು ಕೊಟ್ಟರು. ಎರಡನೆಯ ಮಗ್ಗುಲಿನ ಆ ಒಂಟಿ ಸ್ಯಾಕ್ಸೊಫೋನು ಶುರುವಾಯಿತು. ನನಗೆ ಗುರುತೇ ಹತ್ತಲಿಲ್ಲ. ಸ್ವರಗಳು ಅವೇ. ಆದರೆ ದನಿ ಹಗುರ, ಒಂದು ಮೆಟ್ಟಿಲು ಮೇಲೆ, ನಡಿಗೆ ಚುರುಕು. ಭಾರ ಹೊತ್ತವನು ಇಲ್ಲವೇ ಇಲ್ಲ. ಸಂಜೆ ಕೆಲಸ ಮುಗಿಸಿ ಸೀಟಿ ಹಾಕುತ್ತ ಮನೆಗೆ ಹೋಗುವವನು ಇದ್ದ.

"ನಿಮ್ಮ ಮಷಿನ್ ಕೆಟ್ಟೇತಿ," ಎಂದೆ ಅಂಗಡಿಯವನಿಗೆ. "ಜೋರ ಓಡಾಕತ್ತೇತಿ."

"ಸಿ.ಡಿ. ಜೋರ ಓಡೂದಿಲ್ರೀ ಮ್ಯಾಡಮ್," ಎಂದ. ನಾನು ವಾದಕ್ಕೆ ನಿಂತೆ. ಅವನು ಇನ್ನೊಂದು ಪ್ಲೇಯರಿನಲ್ಲಿ ಹಾಕಿ ತೋರಿಸಿದ. ಅಲ್ಲಿಯೂ ಆ ಮನುಷ್ಯ ಸೀಟಿ ಹಾಕುತ್ತಲೇ ಇದ್ದ.

ಸಿ.ಡಿ. ಕೊಂಡುಕೊಂಡೆ. ಲೋಕಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಒಂದು ಬಸ್ಸು ಬಂದರೂ ಹತ್ತದೆ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ತಪ್ಪು ಎಲ್ಲಿ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ರೆಕಾರ್ಡು ತಿರುಗಿಸುವ ಯಂತ್ರದ ಒಳಗೆ ಒಂದು ರಬ್ಬರಿನ ಬೆಲ್ಟು ಇರುತ್ತದೆ. ಎಷ್ಟೋ ವರ್ಷದ ಹಿಂದೆ ಅದು ಹರಿದಾಗ ಬಜಾರದ ರೇಡಿಯೋ ರಿಪೇರಿಯವನು ಬೇರೆ ಯಾವುದರದೋ ಬೆಲ್ಟನ್ನು ಹೊಂದಿಸಿ ಕೊಟ್ಟಿದ್ದನೆಂದು ಕಾಕಾ ಹೆಮ್ಮೆಯಿಂದ ಹೇಳುತ್ತಿದ್ದರು. ಅದು ಸಡಿಲ. ರೆಕಾರ್ಡು ನಿಧಾನವಾಗಿ ತಿರುಗುತ್ತಿತ್ತು. ಆ ಯಂತ್ರದಿಂದ ಇಳಿಸಿದ ಪ್ರತಿಯೊಂದು ಕ್ಯಾಸೆಟ್ಟೂ ನಿಧಾನ. ಮುಧೋಳ, ಬನಹಟ್ಟಿ, ಬೀಳಗಿ, ಇಷ್ಟು ಸೀಮೆಗೆ ಜಾಝ್ ಬಂದಿದ್ದೇ ಆ ಒಂದು ಸಡಿಲ ಬೆಲ್ಟಿನ ಮೇಲೆ. ಇನ್ನೊಂದು ಮೂಲ ಯಾರ ಹತ್ತಿರವೂ ಇರಲಿಲ್ಲವಾದ್ದರಿಂದ ಯಾರಿಗೂ ಸಂಶಯ ಬರುವಂತಿರಲಿಲ್ಲ. ಜಾಝ್ ಎಂದರೆ ದುಃಖದ ಸಂಗೀತ ಎಂದೇ ನಾವೆಲ್ಲ ನಂಬಿದ್ದೆವು.

ಹೇಳುವುದೋ, ಬಿಡುವುದೋ? ಎರಡೂ ಕಡೆ ಮಾತಾಡುವುದು ನನಗೆ ರೂಢಿ. ಬೇಡ ಎನ್ನುವ ಕಡೆ ಕಾಕು ಇದ್ದರು, ಅವರ ಕೊನೆಯ ಸಂಜೆಗಳಿದ್ದವು, ಅವರು ಹೋದ ಮೇಲೆ ಜೊತೆಗೆ ಕೂತು ಅತ್ತವನೊಬ್ಬ ಇದ್ದ. ಬೇಕು ಎನ್ನುವ ಕಡೆ ಇದ್ದದ್ದು ಒಂದೇ: ಆತ ಅತ್ತಿರಲಿಲ್ಲ. ಸುಮ್ಮನಿದ್ದರೆ, ಇನ್ನು ಮುಂದೆ ಪ್ರತಿ ರವಿವಾರ ನಾನು ಆ ಕೋಣೆಯಲ್ಲಿ ಕೂತು ಕೇಳುವಂತೆ ನಟಿಸಬೇಕು. ಕೇಳುವುದನ್ನು ಕಲಿಸಿದವರ ಎದುರಿಗೇ.

ಹೇಳಿದೆ. ಉಳಿದಿಬ್ಬರು ಬರುವ ಮೊದಲೇ ಹೋಗಿ, ನಿಂತುಕೊಂಡೇ ಹೇಳಿದೆ.

ಅವರು ವಾದಿಸಲಿಲ್ಲ. 'ಖುರ್ಚಿ'ಯನ್ನು ಯಂತ್ರದ ಮೇಲಿಟ್ಟು, ಅದರ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಕಾಗದ ಒಂದು ಸುತ್ತು ಬಂದಾಗೊಮ್ಮೆ ತುಟಿ ಅಲುಗಿಸಿ ಎಣಿಸಿದರು. ಆಕಳ ಬಾಲದ ಬುಡಕ್ಕೆ ಬೆರಳಿಟ್ಟು ನಾಡಿ ಎಣಿಸುವಾಗಲೂ ಅವರ ಮುಖ ಹಾಗೇ ಇರುತ್ತಿದ್ದುದನ್ನು ನಾನು ನೋಡಿದ್ದೆ. ನಿಮಿಷಕ್ಕೆ ಮೂವತ್ತಮೂರಕ್ಕೂ ತುಸು ಮೇಲೆ ಬರಬೇಕು. ಮೂವತ್ತೊಂದೂ ತುಂಬಲಿಲ್ಲ.

"ನಾಡಿ ಮಂದ ಅದ," ಎಂದರು.

ಆಮೇಲೆ ಗೆಳತಿಯಿಂದ ತಂದಿದ್ದ ಪ್ಲೇಯರಿನಲ್ಲಿ ಸಿ.ಡಿ. ಹಾಕಿ ಹೆಡ್‌ಫೋನು ಕೊಟ್ಟೆ. ಎರಡೂ ಅಂಗೈಗಳಿಂದ ಅದನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವರ ಮುಖ ಮಾತ್ರ ನೋಡುತ್ತಿದ್ದೆ. ಹೆಡ್‌ಫೋನು ತೆಗೆದು ಟೇಬಲಿನ ಮೇಲಿಟ್ಟರು.

"ಇಂವಾ ಅಳ್ಲಿಕತ್ತಿಲ್ಲ."

"ಇಲ್ರಿ ಕಾಕಾ."

"ನಗ್ಲಿಕತ್ತಾನ."

ನಾನು ಪ್ಲೇಯರ್ ಆರಿಸಿದೆ.

"ಹಂಗಾದ್ರ ಅತ್ತಾಂವ ನಾ ಒಬ್ಬನ," ಎಂದರು. ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ. ಟ್ರಂಕಿನ ಕಡೆ ತಿರುಗಿ, "ಬಾಕಿ ರೆಕಾರ್ಡು ಮುಂಬೈದಾಗ ಬ್ಯಾರೆ ಮಷಿನ್ ಮ್ಯಾಲೆ ಕೇಳಿದ್ದೆ. ಅವೂ ಭಾರ ಆಗಿದ್ವು. ವಯಸ್ಸಾದಂಗ ಹಾಡೂ ಭಾರ ಆಗ್ತಾವ ಅಂತ ನಾ ತಿಳಕೊಂಡಿದ್ದೆ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ನೀ ಮನಿಗೆ ಹೋಗು," ಎಂದರು.

ಆ ರವಿವಾರ ಮಾಲಕರೂ ಸಿಸ್ಟರರೂ ಬಾಗಿಲಿನಿಂದಲೇ ಹಿಂದಿರುಗಿದರು. ಮುಂದಿನ ರವಿವಾರ ಬಾಗಿಲಿಗೆ ಕೀಲಿ. ನಾನು ಕಾಲೇಜಿಗೆ ಹೋಗುವಾಗಲೂ ಬರುವಾಗಲೂ ಆ ಮನೆಯ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದೆ. ಒಳಗಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಗೆದ್ದ ವಾದವನ್ನು ಸೋತಿದ್ದರೆ ಚೆನ್ನಿತ್ತು ಎಂದು ನನಗೆ ಎನಿಸಿದ್ದು ಅದೇ ಮೊದಲು.

ಹತ್ತು ಹನ್ನೆರಡು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅವರೇ ನಮ್ಮ ಕಟ್ಟೆಗೆ ಬಂದರು. ಕೊಲ್ಲಾಪುರಕ್ಕೆ ಹೋಗಿ ಸರಿಯಾದ ಬೆಲ್ಟು ತಂದಿದ್ದರು. ಅಲ್ಲಿಂದ ಬಂದು ದಿನವೂ ಸ್ಪೀಕರ್ ಬಂದ್ ಮಾಡಿ ಕೂತು, ನಮಗೆ ಕೊಟ್ಟ ಪ್ರತಿಯೊಂದು ಕ್ಯಾಸೆಟ್ಟನ್ನೂ ಹೊಸದಾಗಿ ಇಳಿಸಿದ್ದರು. ಹೆಗಲಿಗೆ ಕೈಚೀಲ.

"ನಡಿ, ಬನಹಟ್ಟಿಗೆ ಹೋಗೂಣು."

"ರವಿವಾರ ಅವರ ಬರ್ತಾರಲ್ರಿ. ಆಗ ಹೇಳಿದ್ರಾತು."

"ತಪ್ಪ ಮಾಲು ಅವರ ಮನಿಗೆ ಕೊಟ್ಟು ಕಳಿಸೀನಿ. ಹೇಳ್ಲಿಕ್ಕೆ ಅವರು ನನ್ನ ಮನಿಗೆ ಬರಬೇಕೇನು?"

ಹೊರಟಾಗಲೇ ಅವರಿಗೆ ಉಸಿರು ಕಟ್ಟುತ್ತಿತ್ತು. ಎದೆಯ ತೊಂದರೆ ಅದಾಗಲೇ ಶುರುವಾಗಿತ್ತೆಂದು ನಮಗೆ ತಿಳಿದದ್ದು ಆಮೇಲೆ. ಬಸ್ಸಿನ ಮೆಟ್ಟಿಲಲ್ಲಿ ಒಮ್ಮೆ ನಿಂತು, ಕಂಬಿ ಹಿಡಿದು, ಕಂಡಕ್ಟರ್ ಬೈದ ಮೇಲೆ ಒಳಗೆ ಬಂದರು.

ಬನಹಟ್ಟಿಯಲ್ಲಿ ಮಾಲಕರ ಮಗ್ಗಗಳೆಲ್ಲ ಓಡುತ್ತಿದ್ದವು. ಮಾತು ಕೇಳಿಸದೆ, ನಮ್ಮನ್ನು ಹಿಂದಿನ ಹಿತ್ತಲಿಗೆ ಕರೆದೊಯ್ದು ಕೂರಿಸಿದರು. ಕಾಕಾ ಎಲ್ಲವನ್ನೂ ಹೇಳಿದರು. ಬೆಲ್ಟು, ಎಣಿಕೆ, ಸಿ.ಡಿ. ಯಾವುದನ್ನೂ ಚಿಕ್ಕದು ಮಾಡಲಿಲ್ಲ, ರಿಪೇರಿಯವನ ಮೇಲೆ ಹಾಕಲಿಲ್ಲ. "ನಾ ಎಣಿಸಿ ನೋಡಬೇಕಾಗಿತ್ತು. ನೋಡ್ಲಿಲ್ಲ," ಎಂದರು.

ಮಾಲಕರು ಬಾಯಿ ತೆರೆದುಕೊಂಡು ಕೇಳಿ, ಹೊಟ್ಟೆ ಕುಣಿಸಿ ನಗತೊಡಗಿದರು. "ಅಯ್ಯ ಡಾಕ್ಟರ್ರ! ನಾ ಸೆಲ್ಲ ಹೋಗ್ಯಾವು ಅಂತ ಎರಡ ಸಲ ಹೊಸಾವ ಹಾಕಿದ್ನೆಲ್ರಿ! ಆಮ್ಯಾಲೆ ಅಂದೆ, ಇಲ್ಲಲೇ, ಅಮೇರಿಕಾದ ಮಂದಿನ ಹಿಂಗ ಇರಬೇಕ, ಉಂಡು ಮಲಗಿ ಎದ್ದು ಬಾರಸ್ತಾರ ಅಂತ!"

ಕಾಕಾ ನಗಲಿಲ್ಲ. ಅದನ್ನು ನೋಡಿ ಮಾಲಕರ ನಗೆಯೂ ಇಳಿಯಿತು. ತಮ್ಮ ಕ್ಯಾಸೆಟ್ಟುಗಳನ್ನೆಲ್ಲ ತಂದು ಮುಂದಿಟ್ಟರು. 'ಖುರ್ಚಿ' ಕೊಡುವಾಗ ಮಾತ್ರ ತಡವರಿಸಿದರು.

"ಡಾಕ್ಟರ್ರ, ಒಂದ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಇದರದ ಒಂದ ಕಾಪಿ ಚಿಮ್ಮಡಕ್ಕ ಹೋಗೇತಿ. ನಮ್ಮ ಹುಡುಗನ ಲಗ್ನದಾಗ ಬ್ಯಾಂಡ ಬಂದಿತ್ತಲ್ಲ, ಅದರಾಗ ಕ್ಲಾರಿನೆಟ್ ಊದಾಂವ. ಭಾಳ ಕೇಳ್ಕೊಂಡ, ಕೊಟ್ಟೆ."

"ಅವಗೂ ಹೇಳಬೇಕು," ಎಂದರು ಕಾಕಾ. ಅವತ್ತು ಆಗಲಿಲ್ಲ, ಸಂಜೆಯ ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತ್ತು.

ಬೀಳಗಿಗೆ ಮುಂದಿನ ವಾರ ಹೋದೆವು. ಸಿಸ್ಟರರ ಮನೆ ಪುನರ್ವಸತಿ ಕೇಂದ್ರದ ಕೊನೆಯ ಸಾಲಿನಲ್ಲಿ. ನೆಟ್ಟ ಬೇವಿನ ಗಿಡಗಳು ಆಳೆತ್ತರಕ್ಕೆ ಬಂದಿದ್ದವು. ಅವರೂ ಎಲ್ಲ ಕೇಳಿಸಿಕೊಂಡರು. ಕಾಕಾ ಹೊಸ 'ಖುರ್ಚಿ'ಯನ್ನು ಹಚ್ಚಿ ಕೇಳಿಸಿದರು. ಸಿಸ್ಟರ್ ಹಳೆಯ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಹೊಸಾದು ಇಟ್ಕೋತೇನ್ರಿ," ಎಂದರು. "ಇದನ್ನ ಕೊಡೂದಿಲ್ಲ."

"ಅದು ತಪ್ಪ ಅದ, ತಂಗಿ."

"ಇರಲ್ರಿ. ಆ ತಗಡಿನ ಶೆಡ್ಡಿನಾಗ ಕಡೀ ಬ್ಯಾಸಿಗಿ ನಮ್ಮವ್ವ ದಿನಾ ಒಂದ ಮಾತ ಕೇಳಾಕಿ, ಯಾವಾಗ ಊರಿಗೆ ಹೋಗೂದು ಅಂತ. ನನ್ನ ಹತ್ರ ಜವಾಬಿರಲಿಲ್ಲ. ಇದನ್ನ ಹಚ್ಚತಿದ್ದೆ. ಕೇಳ್ಕೋತ ಮಲಗಾಕಿ. ಆಕಿ ಹೋದದ್ದೂ ಇದರ ಮ್ಯಾಲನ. ಈಗ ನೀವು ಬಂದು ಇಂವಾ ನಗಾಕತ್ತಿದ್ದ ಅಂದ್ರ, ನಮ್ಮವ್ವಗ ನಾ ಏನ ಹೇಳ್ಲಿ?"

ನಾನಾಗಿದ್ದರೆ ಎರಡೇ ದಾರಿ ಕಾಣುತ್ತಿತ್ತು: ಸತ್ಯಕ್ಕಾಗಿ ಕ್ಯಾಸೆಟ್ಟು ಕಿತ್ತುಕೊಳ್ಳುವುದು, ಇಲ್ಲವೇ ಅಳುವಿಗೆ ಕರಗಿ, ನಿಮ್ಮದೂ ಸರಿ ಎಂದುಬಿಡುವುದು. ಕಾಕಾ ಕೈ ಚಾಚಿದರು. ಸಿಸ್ಟರ್ ಅನುಮಾನಿಸುತ್ತಲೇ ಕ್ಯಾಸೆಟ್ಟು ಕೊಟ್ಟರು. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಕಾಕಾ ಅವರದೇ ಅಕ್ಷರದಲ್ಲಿ 'ಖುರ್ಚಿ' ಎಂದಿತ್ತು. ಆ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಚೂರುಚೂರಾಗಿ ಪೂರ್ತಿ ತೆಗೆದರು. ಕ್ಯಾಸೆಟ್ಟನ್ನು ವಾಪಸ್ಸು ಕೊಟ್ಟರು.

"ಇಟ್ಕೋ. ನಿಮ್ಮವ್ವ ಕೇಳಿದ್ದು ಇದನ್ನ, ಅದು ಖರೆ. ಆದ್ರ ಇದನ್ನ ಆ ಮಂದಿ ಬಾರಿಸಿಲ್ಲ. ಅವರ ಹೆಸರು ಇದಕ್ಕ ಬ್ಯಾಡ."

ಹಿಂದಿರುಗುವಾಗ ಬಸ್ಸಿನಲ್ಲಿ, ಹಿನ್ನೀರು ಬಲಕ್ಕೆ ಕಂಡು ಮರೆಯಾದ ಮೇಲೆ, ಕೇಳಿದೆ: "ನಾ ಹೇಳಬಾರದಿತ್ತೇನ್ರಿ ಕಾಕಾ?"

"ಹೇಳಲಿಲ್ಲ ಅಂದ್ರ ನಿನ್ನ ಮತ್ತ ಒಳಗ ಬಿಟ್ಕೋತಿರಲಿಲ್ಲ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಬ್ಯಾನಿ ಆತು. ಆಗಲಿಲ್ಲ ಅಂತ ಸುಳ್ಳ ಯಾಕ ಹೇಳ್ಲಿ," ಎಂದರು.

ರವಿವಾರದ ಕೂಟ ಮತ್ತೆ ಶುರುವಾಯಿತು. ಟ್ರಂಕಿನ ಎಲ್ಲ ರೆಕಾರ್ಡುಗಳನ್ನೂ ನಾವು ಮೊದಲಿನಿಂದ ಕೇಳಿದೆವು, ಈ ಸಲ ನಾಲ್ವರೂ ಶಾಲೆಯ ಮಕ್ಕಳ ಹಾಗೆ. ಕೆಲವು ನಮಗೆ ಹಿಡಿಸದೆ ಹೋದವು. ನಿಧಾನದಲ್ಲಿ ಗಂಭೀರ ಎನಿಸಿದ್ದು ಸರಿಯಾದ ವೇಗದಲ್ಲಿ ಬರೀ ಜಾಣತನವಾಗಿತ್ತು. ಅದನ್ನೂ ಕಾಕಾ ಒಪ್ಪಿಕೊಂಡರು. ಸಂಜೆಗಳಲ್ಲಿ 'ಖುರ್ಚಿ'ಯನ್ನು ಸರಿಯಾದ ವೇಗದಲ್ಲೇ ಹಚ್ಚುತ್ತಿದ್ದರು. ಮೊದಮೊದಲು ಅವರಿಗೆ ಅದು ರುಚಿಸುತ್ತಿರಲಿಲ್ಲ ಎಂದು ಓಣಿಯಲ್ಲಿ ನಿಂತ ನನಗೂ ತಿಳಿಯುತ್ತಿತ್ತು, ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕೆಲವು ತಿಂಗಳ ಮೇಲೆ ಪೂರ್ತಿ ಕೇಳತೊಡಗಿದರು.

ಚಿಮ್ಮಡಕ್ಕೆ ಹೋಗುವ ಮಾತು ಆಗಾಗ ಬರುತ್ತಿತ್ತು. ಮಳೆ ಆಗಲಿ, ಚಳಿ ಕಡಿಮೆಯಾಗಲಿ ಎನ್ನುತ್ತ ವರ್ಷಗಳು ಕಳೆದವು. ಎದೆ ಬಿಡಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಹಾಲಿನವಳು ಕರೆದಾಗ ಏಳಲಿಲ್ಲ. ಮಾಲಕರು ಬಂದು ಗೋಡೆಗೆ ಒರಗಿ ಕೂತವರು ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಸಿಸ್ಟರ್ ಮನೆಯ ಹೆಂಗಸಿನಂತೆ ನಿಂತು ಎಲ್ಲ ನೋಡಿಕೊಂಡರು.

ಹದಿಮೂರು ದಿನ ಮುಗಿದ ಮೇಲೆ ಸರಿಯಾದ 'ಖುರ್ಚಿ'ಯ ಒಂದು ಕ್ಯಾಸೆಟ್ಟು ಮತ್ತು ಸಣ್ಣ ಟೇಪು ತೆಗೆದುಕೊಂಡು ಬನಹಟ್ಟಿಗೆ ಹೋದೆ. ಅಲ್ಲಿಂದ ಆಟೋ ಹಿಡಿದು ಚಿಮ್ಮಡಕ್ಕೆ. ಕ್ಲಾರಿನೆಟ್ಟಿನವರ ಮನೆಯ ಗೂಟಕ್ಕೆ ಬ್ಯಾಂಡಿನ ಕೆಂಪು ಕೋಟು ನೇತುಹಾಕಿತ್ತು. ನಲವತ್ತರ ಮೇಲಿನ ವಯಸ್ಸು, ಎಲೆ ಅಡಿಕೆಯ ಬಾಯಿ. ನಾನು ಯಾರೆಂದು ಹೇಳಿ, ಕಾಕಾ ಹೇಳುತ್ತಿದ್ದ ಹಾಗೆಯೇ, ಯಾವುದನ್ನೂ ಬಿಡದೆ ಹೇಳಿದೆ. ತಪ್ಪು ನಮ್ಮದು ಎಂದೆ. ಹತ್ತು ವರ್ಷ ವೇದಿಕೆಗಳ ಮೇಲೆ ಮಾತಾಡಿದ್ದೆ. ಆ ಮಾತನ್ನು ಜೋರಾಗಿ ಆಡಿದ್ದು ಅಲ್ಲಿಯೇ ಮೊದಲು. ಅವರು ಹೊಸ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳಿದರು.

"ಇದು ವರಾತಕ್ಕ ಆಗತೇತ್ರಿ," ಎಂದರು. "ಮದಿಮಗನ್ನ ಕುದುರಿ ಮ್ಯಾಲೆ ಕರಕೊಂಡ ಹೋಗಾಕ ಅಗದೀ ಬರೋಬ್ಬರಿ. ಹಳೇದು ಹಂಗಲ್ರಿ. ಅದನ್ನ ನಾವು ಮಣ್ಣಿಗೆ ಬಾರಸ್ತೀವಿ."

"ಮಣ್ಣಿಗೆ?"

"ಹೌದ್ರಿ. ಯಾರರ ಹಿರೇರು ಹೋದ್ರ ಹೆಣದ ಮುಂದ ನಮ್ಮನ್ನ ಕರೀತಾರ. ಮೊದ್ಲ ಸಿನಿಮಾದವು ಬಾರಸ್ತಿದ್ವಿ. ಒಮ್ಮೆ ಇದನ್ನ ಊದಿದೆ ನೋಡ್ರಿ, ಆಮ್ಯಾಲೆ ಮಂದಿ ಇದನ್ನ ಕೇಳಾಕತ್ರು. ರಬಕವಿ, ತೇರದಾಳ, ಮಹಾಲಿಂಗಪುರ, ಈ ಕಡೆ ಎಲ್ಲಾ ಕಡೆ ಇದರ ಮ್ಯಾಲನ ಮಂದಿನ ಕಳಸೀವಿ." ಅವರು ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. "ಇನ್ನ ಬಾರಸಬಾರದೇನ್ರಿ?"

ಕಾಕಾ ಇದ್ದಿದ್ದರೆ ಏನು ಹೇಳುತ್ತಿದ್ದರೋ ನನಗೆ ಖಾತ್ರಿಯಿಲ್ಲ. ಅವರ ಹೆಸರಿನಲ್ಲಿ ತೀರ್ಪು ಕೊಡಲು ನನಗೆ ಅಧಿಕಾರವೂ ಇಲ್ಲ.

"ಬಾರಸ್ರಿ," ಎಂದೆ.

"ಮತ್ತ ಮಂದಿ ಕೇಳ್ತಾರ್ರಿ, ಯಾರದಪಾ ಈ ಹಾಡು ಅಂತ. ಅಮೇರಿಕಾದವರದು ಅಂತ ಹೇಳ್ಕೋತ ಬಂದೀನಿ. ಈಗ ನೀವು ಅವರದಲ್ಲ ಅಂತೀರಿ. ಏನ ಹೇಳ್ಲಿ?"

"ಅಮೇರಿಕಾದವರದಲ್ರಿ," ಎಂದೆ. "ಮುಧೋಳದ ದನದ ಡಾಕ್ಟರ್ದು ಅಂತ ಹೇಳ್ರಿ."